ಮುಳ್ಳುತಂತಿಯ ಕೂದಲಿನಿಂದ ಕರಡಿಗಳ ನೆಂಟಸ್ತಿಕೆಯ ನಕ್ಷೆಯವರೆಗೆ

ಕರಡಿಯ ಕೂದಲು ಸಿಗಲೆಂದು ಕಾಡಿನಲ್ಲಿ ಕಟ್ಟಿದ ಮುಳ್ಳುತಂತಿಗೆ ಸಿಕ್ಕಿಕೊಂಡ ಏಳೆಂಟು ಕಂದು ಕೂದಲನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಕೆಲವು ಕೂದಲು ನಡುವೆಯೇ ತುಂಡಾಗಿರುತ್ತವೆ. ಇನ್ನು ಕೆಲವಕ್ಕೆ ಬುಡದಲ್ಲಿ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ, ಬೆಳ್ಳಗಿನ ಉಬ್ಬು ಇರುತ್ತದೆ. ಅದೇ ಬೇರು. ಆ ಕರಡಿ ಗಂಡೋ ಹೆಣ್ಣೋ, ಅದರ ತಾಯಿ ಯಾರು, ಹೆದ್ದಾರಿಯ ಆಚೆಗಿನ ಕರಡಿಗಳಿಗೂ ಅದಕ್ಕೂ ನೆಂಟಸ್ತಿಕೆ ಇದೆಯೋ ಇಲ್ಲವೋ, ಇದೆಲ್ಲ ಗೊತ್ತಾಗುವುದು ಆ ಉಬ್ಬಿನೊಳಗಿನ ಡಿಎನ್‌ಎಯಿಂದ. ಕರಡಿಯನ್ನು ಹಿಡಿಯಬೇಕಿಲ್ಲ, ಅದರ ಪ್ರಜ್ಞೆ ತಪ್ಪಿಸಬೇಕಿಲ್ಲ, ಕಣ್ಣಾರೆ ನೋಡಲೂ ಬೇಕಿಲ್ಲ.

ಒಂದು ಪ್ರದೇಶದ ಕರಡಿಗಳಲ್ಲಿ ಯಾವುದಕ್ಕೆ ಯಾವುದು ಹತ್ತಿರದ ನೆಂಟ, ಆ ನೆಂಟಸ್ತಿಕೆ ನೆಲದ ಮೇಲೆ ಹೇಗೆ ಹರಡಿದೆ ಎಂದು ಹುಡುಕುವ ಕೆಲಸಕ್ಕೆ ‘ಸ್ಪೇಷಿಯಲ್ ಜೆನೆಟಿಕ್ ಸ್ಟ್ರಕ್ಚರ್’ ಅಧ್ಯಯನ ಎನ್ನುತ್ತಾರೆ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗಾಗಿ ಈ ಲೇಖನ. ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಕೊನೆಗೆ ಕಂಪ್ಯೂಟರ್ ಪರದೆಯ ಮೇಲೆ ಕರಡಿಗಳು ಎರಡು ಬಣ್ಣದ ಗುಂಪಾಗಿ ಕಂಡಾಗ, ನಡುವಿನ ಗೆರೆಯನ್ನು ನೋಡಿ ‘ಇಲ್ಲಿ ತಡೆ ಇದೆ’ ಎಂದು ಬರೆದುಬಿಡುವ ಆಸೆಯಾಗುತ್ತದೆ. ಆ ಗೆರೆ ಬರೀ ದೂರದಿಂದ ಬಂದಿರಬಹುದು. ಒಂದೇ ಮನೆತನದ ಕರಡಿಗಳಿಂದ ಬಂದಿರಬಹುದು. ನೀವು ತಂತಿ ಕಟ್ಟದೇ ಬಿಟ್ಟ ಜಾಗದಿಂದಲೂ ಬಂದಿರಬಹುದು. ಈ ಮೂರನ್ನೂ ತಳ್ಳಿಹಾಕುವಂತೆ ಮೊದಲ ದಿನದಿಂದಲೇ ಕೆಲಸ ಜೋಡಿಸಿಕೊಳ್ಳಬೇಕು.

ಮೊದಲು ಪ್ರಶ್ನೆ, ಆಮೇಲೆ ತಂತಿ

‘ನಮ್ಮ ಕರಡಿಗಳ ಜೆನೆಟಿಕ್ಸ್ ನೋಡೋಣ’ ಎನ್ನುವುದು ಪ್ರಶ್ನೆಯಲ್ಲ. ‘ಈ ಕಣಿವೆಯ ರಸ್ತೆಯನ್ನು ಹೆಣ್ಣು ಕರಡಿಗಳು ದಾಟುತ್ತಿವೆಯೇ?’ ಎನ್ನುವುದು ಪ್ರಶ್ನೆ. ಕೆನಡಾದ ರಾಕಿ ಪರ್ವತಗಳ ದಕ್ಷಿಣ ಭಾಗದಲ್ಲಿ ಹೈವೇ 3 ಹಾದುಹೋಗುತ್ತದೆ. ಅದರ ಉದ್ದಕ್ಕೂ ಊರುಗಳು, ತೋಟಗಳು, ರೈಲು ಹಳಿ. ಮೈಕಲ್ ಪ್ರಾಕ್ಟರ್ ಮತ್ತು ಜೊತೆಗಾರರು ಅಲ್ಲಿನ ಗ್ರಿಜ್ಲಿಗಳ, ಅಂದರೆ ಉತ್ತರ ಅಮೆರಿಕದ ಕಂದು ಕರಡಿಗಳ ಡಿಎನ್‌ಎ ನೋಡಿ 2005ರಲ್ಲಿ ವರದಿ ಮಾಡಿದರು. ರಸ್ತೆ ದಾಟುವ ಗಂಡುಗಳು ಕಡಿಮೆಯಾಗಿದ್ದವು, ಆದರೆ ಓಡಾಟ ಪೂರ್ತಿ ನಿಂತಿರಲಿಲ್ಲ. ಹೆಣ್ಣುಗಳ ಓಡಾಟ ಮಾತ್ರ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಎರಡನ್ನೂ ಒಟ್ಟಿಗೆ ಸೇರಿಸಿ ಸರಾಸರಿ ತೆಗೆದಿದ್ದರೆ ‘ಸ್ವಲ್ಪ ಕಡಿಮೆಯಾಗಿದೆ’ ಎಂಬ ಉತ್ತರ ಸಿಗುತ್ತಿತ್ತು. ನಿಜವಾದ ಅಪಾಯ ಅದರಲ್ಲಿ ಮುಚ್ಚಿಹೋಗುತ್ತಿತ್ತು. ಗಂಡು ಹೊಸ ವಂಶವಾಹಿಗಳನ್ನು ತರುತ್ತದೆ, ಸರಿ. ಆದರೆ ಕುಗ್ಗಿಹೋದ ಗುಂಪಿನಲ್ಲಿ ಮರಿಗಳ ಸಂಖ್ಯೆ ಏರಬೇಕೆಂದರೆ ಹೆಣ್ಣೇ ಬಂದು ನೆಲೆಸಬೇಕು, ಅಲ್ವಾ?

ಹಾಗಾಗಿ ಕರಡಿಗಳ ಬದುಕಿನ ಒಂದು ಗುಟ್ಟು ತಲೆಯಲ್ಲಿರಲಿ. ಮಗಳು ಸಾಮಾನ್ಯವಾಗಿ ತಾಯಿಯ ನೆಲೆಯ ಪಕ್ಕದಲ್ಲೇ ನೆಲೆಯೂರುತ್ತಾಳೆ. ಮಗ ದೂರ ಹೋಗುತ್ತಾನೆ. ಸ್ಕ್ಯಾಂಡಿನೇವಿಯಾದ ಕಂದು ಕರಡಿಗಳಲ್ಲಿ ಇದನ್ನು ರೇಡಿಯೋ ಕಾಲರ್ ಹಾಕಿ, ವಂಶವೃಕ್ಷ ಜೋಡಿಸಿ ಚೆನ್ನಾಗಿ ನೋಡಿದ್ದಾರೆ. ನೆರೆಹೊರೆಯ ಹೆಣ್ಣುಗಳು ಬಹಳ ಸಲ ಅಕ್ಕತಂಗಿಯರು, ತಾಯಿಮಗಳು. ಅಂದರೆ ಯಾವ ತಡೆಯೂ ಇಲ್ಲದ ಕಾಡಿನಲ್ಲೂ ಹೆಣ್ಣುಗಳ ನಕ್ಷೆ ತೇಪೆ ತೇಪೆಯಾಗಿಯೇ ಕಾಣುತ್ತದೆ.

ತಂತಿ ಎಲ್ಲಿ ಕಟ್ಟಬೇಕು

ನನ್ನ ಪ್ರಕಾರ ಇಡೀ ಅಧ್ಯಯನ ಗೆಲ್ಲುವುದೂ ಸೋಲುವುದೂ ಇಲ್ಲೇ. ಲ್ಯಾಬಿನ ತಪ್ಪನ್ನು ಮತ್ತೊಮ್ಮೆ ಪರೀಕ್ಷೆ ಮಾಡಿ ಸರಿಪಡಿಸಬಹುದು. ಬಿಟ್ಟುಹೋದ ಕಣಿವೆಯನ್ನು ಯಾವ ಸಾಫ್ಟ್‌ವೇರೂ ತುಂಬಿಕೊಡುವುದಿಲ್ಲ.

ನಕ್ಷೆಯ ಮೇಲೆ ಚೌಕಗಳನ್ನು ಎಳೆಯಿರಿ. 2004ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಕೇಟ್ ಕೆಂಡಲ್ ಅವರ ತಂಡ ಗ್ರಿಜ್ಲಿಗಳಿಗಾಗಿ 7 ಕಿ.ಮೀ. ಉದ್ದ, 7 ಕಿ.ಮೀ. ಅಗಲದ ಚೌಕಗಳನ್ನು ಹಾಕಿಕೊಂಡಿತ್ತು. ಕೂದಲುಗಳ ಡಿಎನ್‌ಎ ಆಧಾರದಲ್ಲಿ ಆ ಪ್ರದೇಶದಲ್ಲಿ ಸುಮಾರು 765 ಕರಡಿಗಳಿವೆ ಎಂದು ಅಂದಾಜು ಮಾಡಿತು. ನಿಮ್ಮ ಚೌಕ ಅಷ್ಟೇ ಇರಬೇಕೆಂದಿಲ್ಲ. ಹೆಣ್ಣು ಕರಡಿ ಓಡಾಡುವ ನೆಲೆಗಿಂತ ಚೌಕ ಚಿಕ್ಕದಿದ್ದರೆ ಸಾಕು. ಗಂಡಿನ ನೆಲೆ ಹೆಣ್ಣಿನದಕ್ಕಿಂತ ಹಲವು ಪಟ್ಟು ದೊಡ್ಡದು. ಗಂಡಿಗೆ ಅಳತೆ ಮಾಡಿ ಚೌಕ ಹಾಕಿದರೆ ಹೆಣ್ಣುಗಳು ಸಂದಿಯಲ್ಲಿ ಉಳಿದುಬಿಡುತ್ತವೆ.

ಸುಲಭಕ್ಕೆ ಸಿಗುವ ಎರಡು ಮೂಲೆಗಳಲ್ಲಿ ಜಾಸ್ತಿ ತಂತಿ ಕಟ್ಟಿ ನಡುವಿನ ಕಡಿದಾದ ಜಾಗವನ್ನು ಬಿಟ್ಟರೆ ಏನಾಗುತ್ತದೆ ನೋಡಿ. ದೂರವಾದಂತೆ ನೆಂಟಸ್ತಿಕೆ ಕಡಿಮೆಯಾಗುವುದು ಸಹಜ. ನಡುವಿನ ಕರಡಿಗಳು ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಇಳಿಜಾರು ಕಾಣುವುದೇ ಇಲ್ಲ, ಎರಡು ತುದಿಗಳು ಮಾತ್ರ ಕಾಣುತ್ತವೆ. ಸಾಫ್ಟ್‌ವೇರ್ ನಿಯತ್ತಾಗಿ ಎರಡು ಗುಂಪು ಕೊಡುತ್ತದೆ. ಗೆರೆ ಬೀಳುವುದು ಸರಿಯಾಗಿ ನೀವು ಹೋಗದ ಜಾಗದಲ್ಲಿ.

ರಸ್ತೆಯೋ ನದಿಯೋ ತಡೆಯಾಗಿರಬಹುದು ಎಂಬ ಅನುಮಾನವಿದ್ದರೆ ಅದರ ಎರಡೂ ಬದಿಗೆ ಒಂದೇ ಸಮ ತಂತಿ ಕಟ್ಟಿ. ತಡೆಯ ಅಂಚಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಒಂದು ಬದಿಯಿಂದ 80 ಕರಡಿ, ಇನ್ನೊಂದು ಬದಿಯಿಂದ 9 ಎಂದಾದರೆ ಗುಂಪು ಮಾಡುವ ವಿಧಾನಗಳು ದಾರಿ ತಪ್ಪುತ್ತವೆ. ಒಂದೊಂದು ಬದಿಗೆ 25–30 ಬೇರೆ ಬೇರೆ ಕರಡಿಗಳಾದರೂ ಸಿಗಲಿ ಎಂದು ನಾನು ನೋಡಿಕೊಳ್ಳುತ್ತೇನೆ. ಅಷ್ಟು ಕರಡಿಗಳೇ ಇಲ್ಲದ ಕಡೆ ಇರುವಷ್ಟರ ಕೂದಲನ್ನೂ ಪಡೆಯುವ ಪ್ರಯತ್ನ ಮಾಡಬೇಕು.

ಅನುಮತಿಗಳನ್ನು ಆರು ತಿಂಗಳು ಮೊದಲೇ ಕೇಳಿ. ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಎಲ್ಲ ಜಾತಿಯ ಕರಡಿಗಳೂ ಕಾಡುಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಕೂದಲನ್ನು ಬೇರೆ ದೇಶದ ಲ್ಯಾಬಿಗೆ ಕಳಿಸುವುದಾದರೆ ಅದಕ್ಕೂ ಕಾಗದಪತ್ರ ಬೇಕು.

ಕಾಡಿನಲ್ಲಿ

ನಾಲ್ಕೈದು ಗಟ್ಟಿ ಮರಗಳನ್ನು ಬಳಸಿ ಸುತ್ತ ಒಂದು ಸುತ್ತು ಮುಳ್ಳುತಂತಿ ಕಟ್ಟುತ್ತೇವೆ. ನೆಲದಿಂದ ಸುಮಾರು 50 ಸೆಂ.ಮೀ. ಎತ್ತರ. ಕರಡಿ ತಂತಿಯ ಮೇಲಿಂದ ದಾಟಿದರೂ ಕೆಳಗೆ ನುಸುಳಿದರೂ ಬೆನ್ನಿನ ಅಥವಾ ಹೊಟ್ಟೆಯ ಕೂದಲು ಮುಳ್ಳಿಗೆ ಸಿಗಬೇಕು. ಅದಕ್ಕೇ ಆ ಎತ್ತರ. ನೆಲ ಹಳ್ಳದಿಣ್ಣೆ ಇದ್ದರೆ ತಂತಿಯ ಕೆಳಗೆ ಎಲ್ಲೋ ಒಂದು ಕಡೆ ಕಿಂಡಿಯಾಗಿರುತ್ತದೆ. ಕರಡಿ ಅದನ್ನೇ ಹುಡುಕಿಕೊಂಡು ಬರುತ್ತದೆ. ಆ ಕಿಂಡಿಗೆ ಸೌದೆ, ಕೊಂಬೆ ತುಂಬಿ.

ನಡುವೆ ಕೊಳೆತ ಮರದ ತುಂಡು, ಪಾಚಿ, ಎಲೆಗಳ ಗುಡ್ಡೆ ಹಾಕಿ ಅದರ ಮೇಲೆ ವಾಸನೆಯ ದ್ರವ ಸುರಿಯುತ್ತಾರೆ. ಹುಳಿಸಿದ ದನದ ರಕ್ತ ಮತ್ತು ಕೊಳೆತ ಮೀನಿನ ರಸ ಇದಕ್ಕೆ ಹೆಸರುವಾಸಿ. ಅದರ ನಾತ ಬಟ್ಟೆಗೆ ಹತ್ತಿದರೆ ವಾರ ಕಳೆದರೂ ಬಿಡದು, ಕೈಗವಸು ಮತ್ತು ಹಳೇ ಅಂಗಿ ಇರಲಿ. ಇಲ್ಲಿ ಒಂದು ನಿಯಮ ಮುರಿಯಲೇಬಾರದು. ಕರಡಿಗೆ ತಿನ್ನಲು ಏನೂ ಸಿಗಬಾರದು. ವಾಸನೆ ಮಾತ್ರ. ತಿಂಡಿ ಸಿಕ್ಕಿತೆಂದರೆ ಅದು ಮತ್ತೆ ಮತ್ತೆ ಬರುತ್ತದೆ, ಮನುಷ್ಯರ ವಾಸನೆಗೂ ಊಟಕ್ಕೂ ನಂಟು ಕಟ್ಟಿಕೊಳ್ಳುತ್ತದೆ. ಕೊನೆಗೆ ಗುಂಡು ತಿನ್ನುವುದು ಆ ಕರಡಿಯೇ. ಕಾಲುದಾರಿ, ಬಿಡಾರ, ಮನೆಗಳಿಂದ ದೂರ ಕಟ್ಟಿ. ಎಚ್ಚರಿಕೆಯ ಫಲಕ ಹಾಕಿ. ಒಬ್ಬರೇ ಹೋಗಬೇಡಿ, ಜೋರಾಗಿ ಮಾತಾಡುತ್ತಾ ಹೋಗಿ, ಕರಡಿ ಸ್ಪ್ರೇ ಚೀಲದೊಳಗಲ್ಲ, ಸೊಂಟದಲ್ಲಿರಲಿ.

ಸುಮಾರು 14 ದಿನಕ್ಕೊಮ್ಮೆ ಹೋಗಿ ಕೂದಲು ತೆಗೆಯಬೇಕು. ತುಂಬಾ ದಿನ ಬಿಟ್ಟರೆ ಬಿಸಿಲು, ಮಳೆ ಡಿಎನ್‌ಎಯನ್ನು ಹಾಳುಮಾಡುತ್ತವೆ. ಒಂದೊಂದು ಮುಳ್ಳಿನ ಕೂದಲು ಒಂದೊಂದು ಕಾಗದದ ಲಕೋಟೆಗೆ. ಪ್ಲಾಸ್ಟಿಕ್ ಚೀಲ ಬೇಡ, ಅದರಲ್ಲಿ ತೇವ ನಿಲ್ಲುತ್ತದೆ. ಲಕೋಟೆಯ ಮೇಲೆ ಜಾಗದ ಸಂಖ್ಯೆ, ಮುಳ್ಳಿನ ಸಂಖ್ಯೆ, ದಿನಾಂಕ, ತೆಗೆದವರ ಹೆಸರು. ಕೂದಲು ತೆಗೆದ ಮೇಲೆ ಮುಳ್ಳನ್ನು ಚಿಕ್ಕ ಟಾರ್ಚ್ ಬೆಂಕಿಯಲ್ಲಿ ಸುಡಿ. ಇಲ್ಲದಿದ್ದರೆ ಹಳೇ ಕೂದಲಿನ ಚೂರು ಮುಂದಿನ ಭೇಟಿಯ ಲೆಕ್ಕಕ್ಕೆ ಸೇರುತ್ತದೆ. ಬೆಂಕಿ ಹತ್ತುವ ಕಾಲವಾದರೆ ನೀರು ಜೊತೆಗಿರಲಿ. ಸಂಜೆ ಎಲ್ಲ ಲಕೋಟೆಗಳೂ ಸಿಲಿಕಾ ಜೆಲ್ ಇರುವ ಡಬ್ಬಕ್ಕೆ.

ಒಂದೊಂದು ಮುಳ್ಳಿಗೂ ಒಂದೊಂದು ಲಕೋಟೆ ಏಕೆ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಪಕ್ಕಪಕ್ಕದ ಎರಡು ಮುಳ್ಳುಗಳಲ್ಲಿ ಒಂದೇ ಬಣ್ಣದ ಕೂದಲಿತ್ತು, ಒಂದೇ ಕರಡಿ ಎಂದು ಒಂದೇ ಲಕೋಟೆಗೆ ಹಾಕಿದೆ. ಲ್ಯಾಬಿನಿಂದ ಬಂದ ಉತ್ತರದಲ್ಲಿ ಎರಡು ಮಾರ್ಕರ್‌ಗಳಲ್ಲಿ ಮೂರು ಮೂರು ಅಲೀಲ್ ಇದ್ದವು. ಮಾರ್ಕರ್ ಎಂದರೆ ಡಿಎನ್‌ಎಯಲ್ಲಿ ನಾವು ಓದುವ ಒಂದು ಗೊತ್ತಾದ ಜಾಗ. ಅಲೀಲ್ ಎಂದರೆ ಆ ಜಾಗದಲ್ಲಿ ಕಾಣುವ ರೂಪಗಳಲ್ಲಿ ಒಂದು, ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಒಂದು ಕರಡಿಗೆ ಒಂದು ಮಾರ್ಕರ್‌ನಲ್ಲಿ ಎರಡಕ್ಕಿಂತ ಹೆಚ್ಚು ಇರಲು ಸಾಧ್ಯವಿಲ್ಲ. ತಾಯಿಯೂ ದೊಡ್ಡ ಮರಿಯೂ ಒಂದರ ಹಿಂದೆ ಒಂದು ದಾಟಿರಬೇಕು. ಎರಡು ಕರಡಿಗಳ ಮಾಹಿತಿ ಹೋಯಿತು. ಅಂದಿನಿಂದ ಲಕೋಟೆ ಉಳಿಸುವ ಯೋಚನೆ ಮಾಡಿಲ್ಲ.

ತಂತಿಯ ಜೊತೆಗೆ ಬೆನ್ನುಜ್ಜುವ ಮರಗಳನ್ನೂ ನೋಡಿ. ಕರಡಿಗಳು ವರ್ಷವರ್ಷವೂ ಅದೇ ಮರಕ್ಕೆ ಬೆನ್ನು ತಿಕ್ಕುತ್ತವೆ. ತೊಗಟೆ ನುಣುಪಾಗಿರುತ್ತದೆ, ಅಂಟಿನಲ್ಲಿ ಕೂದಲು ಮೆತ್ತಿಕೊಂಡಿರುತ್ತದೆ. ಅಲ್ಲಿ ಗಂಡುಗಳ ಕೂದಲೇ ಜಾಸ್ತಿ ಸಿಗುವುದು, ಅದರಲ್ಲೂ ಬೆದೆಯ ಕಾಲದಲ್ಲಿ. ಆದ್ದರಿಂದ ಮರವನ್ನೊಂದೇ ನಂಬಬೇಡಿ. ಹಿಕ್ಕೆ ಸಿಕ್ಕರೆ ಹೊರಮೈಯಿಂದ ಬಟಾಣಿ ಕಾಳಿನಷ್ಟು ತೆಗೆದು 95 ಶೇಕಡಾ ಎಥನಾಲ್‌ಗೆ ಹಾಕಿ. ಹಸಿಯಾಗಿದ್ದರೆ ಮಾತ್ರ. ಸೆಖೆಯಲ್ಲಿ ನಾಲ್ಕು ದಿನ ಬಿದ್ದಿದ್ದ ಹಿಕ್ಕೆಯಿಂದ ಸಿಗುವುದು ಕಡಿಮೆ.

ಲ್ಯಾಬಿನಲ್ಲಿ

ಕೂದಲಿನ ಡಿಎನ್‌ಎ ಬಹಳ ಕಡಿಮೆ. ಒಂದೊಂದು ಸ್ಯಾಂಪಲ್‌ಗೆ ಬೇರಿರುವ ಸುಮಾರು 10 ಉದ್ದ ಕೂದಲು ಸಿಕ್ಕರೆ ನೆಮ್ಮದಿ. ರಕ್ತ, ಮಾಂಸದ ಸ್ಯಾಂಪಲ್ ನಡೆಯುವ ಕೋಣೆಯಲ್ಲಿ ಈ ಕೆಲಸ ಮಾಡಬಾರದು. ಪ್ರತಿ ಸಲವೂ ಕೂದಲೇ ಇಲ್ಲದ ಖಾಲಿ ಟ್ಯೂಬ್ ಒಂದನ್ನೂ ಜೊತೆಗೆ ಪರೀಕ್ಷೆಗೆ ಇಡಿ. ಅದರಲ್ಲಿ ಏನಾದರೂ ಬಂದರೆ ಆ ದಿನದ್ದೆಲ್ಲ ಮತ್ತೆ ಮಾಡಬೇಕು.

ಡಿಎನ್‌ಎ ಕಡಿಮೆ ಇದ್ದಾಗ ಎರಡು ಅಲೀಲ್‌ಗಳಲ್ಲಿ ಒಂದು ಪಿಸಿಆರ್‌ನಲ್ಲಿ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಹೆಜ್ಜೆ) ಕೈತಪ್ಪಿಹೋಗುವುದುಂಟು. ಆಗ ಒಂದೇ ಕರಡಿ ಎರಡು ಬೇರೆ ಕರಡಿಗಳಂತೆ ಕಾಣುತ್ತದೆ. ಪಿಯರ್ ಟಾಬರ್ಲೆ ಮತ್ತು ಜೊತೆಗಾರರು 1996ರಲ್ಲಿ ಇದಕ್ಕೆ ಒಂದು ಸರಳ ದಾರಿ ತೋರಿಸಿದರು. ಒಂದೇ ಸ್ಯಾಂಪಲನ್ನು ಹಲವು ಟ್ಯೂಬ್‌ಗಳಲ್ಲಿ ಬೇರೆ ಬೇರೆಯಾಗಿ ಪರೀಕ್ಷಿಸಿ, ಮತ್ತೆ ಮತ್ತೆ ಒಂದೇ ಉತ್ತರ ಬಂದರೆ ಮಾತ್ರ ಒಪ್ಪುವುದು. ಇಡೀ ಪಟ್ಟಿಗೆ ಇದನ್ನು ಮಾಡಲು ಹಣ ಸಾಲದಿದ್ದರೆ, ಒಂದೇ ಒಂದು ಅಥವಾ ಎರಡು ಮಾರ್ಕರ್‌ನಲ್ಲಿ ವ್ಯತ್ಯಾಸವಿರುವ ಜೋಡಿಗಳನ್ನು ಹುಡುಕಿ ಅವನ್ನಾದರೂ ಮತ್ತೊಮ್ಮೆ ಓಡಿಸಿ. ತಪ್ಪುಗಳು ಹೆಚ್ಚಾಗಿ ಅಡಗಿರುವುದು ಅಲ್ಲೇ.

ಯಾವ ಕರಡಿ ಎಂದು ಗುರುತಿಸಲು ಆರೆಂಟು ಒಳ್ಳೆಯ ಮೈಕ್ರೋಸ್ಯಾಟಲೈಟ್ (ಡಿಎನ್‌ಎಯ ಚಿಕ್ಕ ತುಣುಕೊಂದು ಮತ್ತೆ ಮತ್ತೆ ಬರುವ ಜಾಗ) ಮಾರ್ಕರ್‌ಗಳು ಹೆಚ್ಚಿನ ಕಡೆ ಸಾಕು. ಎಲ್ಲ ಕಡೆಯೂ ಅಲ್ಲ. ಅಲಾಸ್ಕಾದ ಕೋಡಿಯಾಕ್ ದ್ವೀಪದ ಕರಡಿಗಳು ಸಾವಿರಾರು ವರ್ಷಗಳಿಂದ ಒಂಟಿಯಾಗಿ ಉಳಿದು ವೈವಿಧ್ಯ ಕಳೆದುಕೊಂಡಿವೆ. ಅಂಥ ಕಡೆ ಅಣ್ಣತಮ್ಮಂದಿರು ಒಂದೇ ಕರಡಿಯಂತೆ ಕಂಡುಬಿಡುತ್ತಾರೆ, ಹೆಚ್ಚು ಮಾರ್ಕರ್ ಬೇಕು. ನೆಂಟಸ್ತಿಕೆಯ ನಕ್ಷೆಗಂತೂ ಎಲ್ಲೆಡೆಯೂ 15–20 ಮೈಕ್ರೋಸ್ಯಾಟಲೈಟ್, ಇಲ್ಲವೇ ಅದಕ್ಕಿಂತ ಬಹಳ ಹೆಚ್ಚು ಸಂಖ್ಯೆಯ ಎಸ್‌ಎನ್‌ಪಿಗಳು (ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗುವ ಜಾಗಗಳು) ಬೇಕು. ಗಂಡೋ ಹೆಣ್ಣೋ ತಿಳಿಯಲು ಅಮೆಲೊಜೆನಿನ್ ಮಾರ್ಕರ್ ಇದೆ. ಅದನ್ನು ಬಿಡಲೇಬೇಡಿ.

ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನೂ ನೋಡಿದರೆ ಚೆನ್ನ, ಆದರೆ ಅದು ತಾಯಿಯಿಂದ ಮಾತ್ರ ಬರುವುದು ಎಂಬುದು ನೆನಪಿರಲಿ. ಅಲಾಸ್ಕಾದ ಅಡ್ಮಿರಾಲ್ಟಿ, ಬಾರಾನಾಫ್, ಚಿಚಗಾಫ್ ದ್ವೀಪಗಳ ಕಂದು ಕರಡಿಗಳ ಮೈಟೊಕಾಂಡ್ರಿಯಾ ನೋಡಿದರೆ ಅವು ಹಿಮಕರಡಿಗಳಿಗೆ ಹತ್ತಿರ. ಅವುಗಳ ಉಳಿದ ಡಿಎನ್‌ಎ ನೋಡಿದರೆ ಅಪ್ಪಟ ಕಂದು ಕರಡಿಗಳ ಸಾಲಿಗೇ ಸೇರುತ್ತವೆ. ತಾಯಂದಿರ ಕಥೆಯೊಂದನ್ನೇ ಓದಿ ಗುಂಪು ಕಟ್ಟಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಪಟ್ಟಿ ಶುಚಿ ಮಾಡುವುದು

ಒಂದು ಕರಡಿ ಆರು ಕಡೆ ಕೂದಲು ಬಿಟ್ಟಿದ್ದರೂ ಪಟ್ಟಿಯಲ್ಲಿ ಅದಕ್ಕೆ ಒಂದೇ ಸಾಲು. ಅದರ ಜಾಗ ಯಾವುದು? ಎಲ್ಲ ಜಾಗಗಳ ನಡುಬಿಂದು ತೆಗೆದುಕೊಳ್ಳುವುದು ರೂಢಿ. ಬೆದೆಯ ಕಾಲದಲ್ಲಿ ಗಂಡು ತನ್ನ ನೆಲೆ ಬಿಟ್ಟು ಬಹುದೂರ ಅಲೆಯುತ್ತದೆ, ಹಾಗಾಗಿ ಯಾವ ತಿಂಗಳ ಕೂದಲು ಎನ್ನುವುದನ್ನೂ ಬರೆದಿಡಿ.

ಒಂದೇ ತಂತಿಯಲ್ಲಿ ತಾಯಿ ಮತ್ತು ಎರಡು ಮರಿಗಳು ಸಿಕ್ಕಿದ್ದರೆ ಆ ಮೂರೂ ಸೇರಿ ಒಂದು ‘ಗುಂಪು’ ಹುಟ್ಟಿಸಬಲ್ಲವು. ಹಾಗೆಂದು ನೆಂಟರನ್ನೆಲ್ಲ ಸಾರಾಸಗಟಾಗಿ ತೆಗೆದುಹಾಕುವುದೂ ತಪ್ಪು. ಚಿಕ್ಕ ಗುಂಪಿನಲ್ಲಿ ಎಲ್ಲರೂ ನೆಂಟರೇ, ಅದೇ ಅಲ್ಲಿನ ನಿಜ. ನಾನು ಎಲ್ಲರನ್ನೂ ಸೇರಿಸಿ ಒಮ್ಮೆ, ತಾಯಿಯ ಜೊತೆಗಿನ ಮರಿಗಳನ್ನು ಬಿಟ್ಟು ಇನ್ನೊಮ್ಮೆ ಲೆಕ್ಕ ಮಾಡುತ್ತೇನೆ. ಎರಡರಲ್ಲೂ ಗೆರೆ ಅಲ್ಲೇ ನಿಂತರೆ ಮುಂದಕ್ಕೆ ಹೋಗುತ್ತೇನೆ.

ಎರಡು ಲ್ಯಾಬ್‌ಗಳ ಫಲಿತಾಂಶವನ್ನು ಸೇರಿಸುವುದಿದ್ದರೆ ಒಂದಿಷ್ಟು ಸ್ಯಾಂಪಲ್‌ಗಳನ್ನು ಎರಡೂ ಕಡೆ ಓಡಿಸಿ ಹೊಂದಿಸಿಕೊಳ್ಳಿ. ಒಂದೇ ಅಲೀಲ್‌ನ ಉದ್ದವನ್ನು ಒಂದು ಲ್ಯಾಬ್ 184 ಎಂದರೆ ಇನ್ನೊಂದು 186 ಎನ್ನಬಹುದು. ಹಾಗೇ ಸೇರಿಸಿದರೆ ನಿಮಗೆ ಸಿಗುವುದು ಲ್ಯಾಬ್‌ಗಳ ನಕ್ಷೆ, ಕರಡಿಗಳದ್ದಲ್ಲ.

ಲೆಕ್ಕ: ಸಾವಧಾನವಾಗಿ, ಈ ಕ್ರಮದಲ್ಲಿ

ಮೊದಲು ದೂರ. ಪ್ರತಿ ಎರಡು ಕರಡಿಗಳ ನಡುವಿನ ಕಿ.ಮೀ. ದೂರ ಒಂದು ಕಡೆ, ಅವುಗಳ ನೆಂಟಸ್ತಿಕೆಯ ಅಂಕಿ ಇನ್ನೊಂದು ಕಡೆ ಇಟ್ಟು ಗ್ರಾಫ್ ಹಾಕಿ. ಹೆಣ್ಣು-ಹೆಣ್ಣು ಜೋಡಿಗಳಿಗೆ ಒಂದು, ಗಂಡು-ಗಂಡು ಜೋಡಿಗಳಿಗೆ ಒಂದು. ಹೆಣ್ಣುಗಳ ಗೆರೆ ಹತ್ತಿರದಲ್ಲಿ ಎತ್ತರವಿದ್ದು ಬೇಗ ಇಳಿಯುತ್ತದೆ, ಗಂಡುಗಳದ್ದು ಹೆಚ್ಚುಕಡಿಮೆ ಚಪ್ಪಟೆ. ದೂರವಾದಷ್ಟೂ ನೆಂಟಸ್ತಿಕೆ ಕಡಿಮೆಯಾಗುವ ಈ ಸಂಗತಿಯನ್ನು ಸೀವಾಲ್ ರೈಟ್ 1943ರಲ್ಲೇ ಲೆಕ್ಕ ಹಾಕಿ ವಿವರಿಸಿದ್ದರು. ಈ ಗ್ರಾಫ್ ಕೈಯಲ್ಲಿಲ್ಲದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬೇಡಿ.

ಆಮೇಲೆ ಗುಂಪುಗಳು. 2000ದಲ್ಲಿ ಬಂದ ‘ಸ್ಟ್ರಕ್ಚರ್’ ಈಗಲೂ ಬಹಳ ಜನ ಬಳಸುವ, ಡಿಎನ್‌ಎ ಹೋಲಿಕೆ ನೋಡಿ ಗುಂಪು ಮಾಡುವ ಸಾಫ್ಟ್‌ವೇರ್. ಎಷ್ಟು ಗುಂಪು ಎಂದು ಆರಿಸಲು 2005ರ ಇವಾನೊ ವಿಧಾನವನ್ನು ಬಹಳ ಜನ ಕಣ್ಣುಮುಚ್ಚಿ ಬಳಸುತ್ತಾರೆ. ಆ ವಿಧಾನ ‘ಒಂದೇ ಗುಂಪು’ ಎಂಬ ಉತ್ತರವನ್ನು ಕೊಡಲಾರದು. ಅದರ ಲೆಕ್ಕವೇ ಎರಡರಿಂದ ಶುರು. ತಡೆಯೇ ಇಲ್ಲದ ಕಾಡಿನಲ್ಲೂ ಅದು ಎರಡು ಗುಂಪು ಹೇಳಿಬಿಡಬಹುದು. ಸ್ಟ್ರಕ್ಚರ್‌ನ ಮೂಲ ಅಂಕಿಗಳನ್ನೂ (ಒಂದೊಂದು ಗುಂಪಿನ ಸಂಖ್ಯೆ ಎಷ್ಟು ಹೊಂದುತ್ತದೆ ಎಂದು ಅದು ಕೊಡುವ ಅಂಕಿ) ನೋಡಿ, ಮತ್ತು ದೂರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ‘ಕಾನ್‌ಸ್ಟ್ರಕ್ಟ್’ನಂಥ ಸಾಧನವನ್ನೂ ಓಡಿಸಿ. ಅದು ಒಂದೇ ಗುಂಪು ಸಾಕು ಎಂದರೆ ಗಂಭೀರವಾಗಿ ತೆಗೆದುಕೊಳ್ಳಿ.

ಮೂರನೆಯದು ನನಗೆ ತುಂಬಾ ಇಷ್ಟವಾದ ಪರೀಕ್ಷೆ, ಯಾರಿಗೂ ಅರ್ಥವಾಗುವಂಥದ್ದು. 10ರಿಂದ 20 ಕಿ.ಮೀ. ದೂರವಿರುವ ಜೋಡಿಗಳನ್ನು ಆರಿಸಿ. ರಸ್ತೆಯ ಒಂದೇ ಬದಿಗಿರುವ ಜೋಡಿಗಳನ್ನು ಒಂದು ಗುಡ್ಡೆ, ರಸ್ತೆ ನಡುವೆ ಬರುವ ಜೋಡಿಗಳನ್ನು ಇನ್ನೊಂದು ಗುಡ್ಡೆ ಮಾಡಿ. ದೂರ ಒಂದೇ, ನಡುವೆ ರಸ್ತೆ ಇದೆಯೋ ಇಲ್ಲವೋ ಅಷ್ಟೇ ವ್ಯತ್ಯಾಸ. ಎರಡೂ ಗುಡ್ಡೆಗಳ ನೆಂಟಸ್ತಿಕೆ ಒಂದೇ ಆಗಿದ್ದರೆ ರಸ್ತೆಯನ್ನು ದೂರಬೇಡಿ. ಹೆಣ್ಣುಗಳಲ್ಲಿ ಮಾತ್ರ ವ್ಯತ್ಯಾಸ ಕಂಡರೆ ಹೈವೇ 3ರ ಕಥೆ ನಿಮ್ಮಲ್ಲೂ ನಡೆಯುತ್ತಿದೆ. ಒಂದೇ ಕರಡಿ ಹಲವು ಜೋಡಿಗಳಲ್ಲಿ ಬರುವುದರಿಂದ ಎರಡು ಸರಾಸರಿಗಳನ್ನು ಹೋಲಿಸುವ ಸಾಮಾನ್ಯ ಟಿ-ಟೆಸ್ಟ್ ಇಲ್ಲಿ ಸಲ್ಲದು. ಕರಡಿಗಳ ಜಾಗವನ್ನು ಅದಲುಬದಲು ಮಾಡಿ ಸಾವಿರ ಸಲ ಲೆಕ್ಕ ಹಾಕುವ ವಿಧಾನವೇ ಸರಿ. ಹಾಗೆ ಬದಲಿಸುವಾಗಲೂ ಕರಡಿಗಳು ತಮ್ಮ ಆಸುಪಾಸಿನಲ್ಲೇ ಇರುವಂತೆ ನೋಡಿಕೊಳ್ಳಿ.

ಕಾಡು, ಬೆಟ್ಟ, ಊರು ಇವುಗಳಲ್ಲಿ ಯಾವುದು ಎಷ್ಟು ತಡೆಯುತ್ತದೆ ಎಂದು ತೂಗಲು ‘ಸರ್ಕ್ಯೂಟ್‌ಸ್ಕೇಪ್’ ಇದೆ. ಬ್ರ್ಯಾಡ್ ಮೆಕ್‌ರೇ 2006ರಲ್ಲಿ ಮುಂದಿಟ್ಟ ಯೋಚನೆ ಅದರ ಹಿಂದಿದೆ. ನೆಲವನ್ನು ವಿದ್ಯುತ್ ಹರಿಯುವ ಹಲಗೆಯಂತೆ ನೋಡುವುದು, ಹಲವು ದಾರಿಗಳಿದ್ದಷ್ಟೂ ಹರಿವು ಸುಲಭ. ಇದರ ಫಲಿತಾಂಶಕ್ಕೆ ದೂರಗಳ ಎರಡು ಪಟ್ಟಿಗಳ ನಡುವೆ ನಂಟಿದೆಯೇ ಎಂದು ನೋಡುವ ಮ್ಯಾಂಟೆಲ್ ಪರೀಕ್ಷೆಯೊಂದನ್ನೇ ನೆಚ್ಚಬೇಡಿ. ಇಲ್ಲದ ನಂಟನ್ನು ಇದೆ ಎಂದು ತೋರಿಸುವ ಚಾಳಿ ಅದಕ್ಕಿದೆ.

ಗೆರೆ ಕಂಡಾಗ ಕೇಳಬೇಕಾದ್ದು

ಇದು ಯಾವ ಕಾಲದ ಗೆರೆ? ಸ್ವೀಡನ್ನಿನ ನಡುಭಾಗದಲ್ಲಿ ಕಂದು ಕರಡಿಗಳ ಎರಡು ತಾಯಿವಂಶಗಳು ಸಂಧಿಸುತ್ತವೆ. ಹಿಮಯುಗ ಕಳೆದ ಮೇಲೆ ಒಂದು ವಂಶ ದಕ್ಷಿಣದಿಂದ ಬಂತು, ಇನ್ನೊಂದು ಉತ್ತರದಿಂದ ಇಳಿಯಿತು. ಮಗಳು ತಾಯಿಯ ಪಕ್ಕದಲ್ಲೇ ಉಳಿಯುವುದರಿಂದ ಸಾವಿರಾರು ವರ್ಷ ಕಳೆದರೂ ಆ ಗೆರೆ ಮಾಸಿಲ್ಲ. ಅದಕ್ಕೆ ಇವತ್ತಿನ ರಸ್ತೆಯನ್ನು ಕಾರಣ ಮಾಡಿದರೆ ಅನ್ಯಾಯ. ಇದಕ್ಕೆ ವಿರುದ್ಧವೂ ಆಗುತ್ತದೆ. ಕರಡಿಗಳ ಒಂದು ತಲೆಮಾರಿಗೆ ಸುಮಾರು 10 ವರ್ಷ ಹಿಡಿಯುತ್ತದೆ. ಐದು ವರ್ಷದ ಹಿಂದೆ ಬೇಲಿ ಹಾಕಿದ ಹೆದ್ದಾರಿ ಓಡಾಟವನ್ನು ಪೂರ್ತಿ ನಿಲ್ಲಿಸಿದ್ದರೂ ಡಿಎನ್‌ಎಯಲ್ಲಿ ಗೆರೆ ಇನ್ನೂ ಮೂಡಿರುವುದಿಲ್ಲ. ಇಂದಿನ ಓಡಾಟ ತಿಳಿಯಬೇಕೆಂದರೆ ಒಂದು ಬದಿಯಲ್ಲಿ ಸಿಕ್ಕಿದ್ದೂ ಇನ್ನೊಂದು ಬದಿಯ ಗುಂಪಿಗೆ ಸೇರುವ ಕರಡಿಗಳನ್ನು ಹುಡುಕಿ. ಡೇವಿಡ್ ಪೇಟ್ಕೌ ಮತ್ತು ಜೊತೆಗಾರರು 1995ರಲ್ಲಿ ಕೆನಡಾದ ಹಿಮಕರಡಿಗಳಿಗಾಗಿ ಕಟ್ಟಿದ ಅಸೈನ್‌ಮೆಂಟ್ ಟೆಸ್ಟ್ ಇದೇ ಕೆಲಸ ಮಾಡುತ್ತದೆ. ರಸ್ತೆಯ ಈಚೆ ತಾಯಿ, ಆಚೆ ಮಗಳು ಎಂಬ ಒಂದು ಜೋಡಿ ಸಿಕ್ಕರೂ ಅದಕ್ಕೆ ಬಹಳ ಬೆಲೆಯಿದೆ.

ಮನುಷ್ಯರು ಕರಡಿಗಳನ್ನು ತಂದು ಬಿಟ್ಟಿದ್ದಾರೆಯೇ ಎಂದೂ ವಿಚಾರಿಸಿ. ಇಟಲಿಯ ಟ್ರೆಂಟಿನೊದಲ್ಲಿ 1999ರಿಂದ 2002ರ ನಡುವೆ ಸ್ಲೊವೇನಿಯಾದಿಂದ 10 ಕರಡಿಗಳನ್ನು ತಂದು ಬಿಟ್ಟರು. ಈಗ ಅಲ್ಲಿರುವ ಕರಡಿಗಳು ಹೆಚ್ಚುಕಡಿಮೆ ಆ ಹತ್ತರ ಮಕ್ಕಳು, ಮೊಮ್ಮಕ್ಕಳು. ಅವುಗಳ ಗುಂಪು ಬೇರೆಯಾಗಿ ಕಂಡರೆ ಅದಕ್ಕೆ ಆ ಹತ್ತು ಕರಡಿಗಳೇ ದೊಡ್ಡ ಕಾರಣ.

ವರದಿ ಕೊಡುವಾಗ ಬಣ್ಣದ ಗುಂಪುಗಳ ನಕ್ಷೆಯನ್ನೊಂದೇ ಕೊಡಬೇಡಿ. ತಂತಿ ಕಟ್ಟಿದ ಪ್ರತಿ ಜಾಗವನ್ನೂ, ಕೂದಲು ಸಿಗದ ಜಾಗಗಳನ್ನೂ ಸೇರಿಸಿ, ಅದೇ ನಕ್ಷೆಯ ಮೇಲೆ ಚುಕ್ಕೆ ಇಡಿ. ರಸ್ತೆ ಇಲಾಖೆಯವರು ಮೇಲ್ಸೇತುವೆ ಎಲ್ಲಿ ಕಟ್ಟಬೇಕು ಎಂದು ನೋಡುವುದು ಆ ನಕ್ಷೆಯನ್ನೇ. ಎಲ್ಲರಿಗೂ ಸಿಗುವ ಪ್ರತಿಯಲ್ಲಿ ಮಾತ್ರ ಚುಕ್ಕೆಗಳನ್ನು ಚೌಕದ ಮಟ್ಟಕ್ಕೆ ಒರಟು ಮಾಡಿ, ಬೇಟೆಗಾರರಿಗೆ ನಿಖರ ಜಾಗ ಸಿಗಬಾರದು. ಉಳಿದ ಡಿಎನ್‌ಎಯನ್ನು ಹೆಸರು ಬರೆದು ಫ್ರೀಜರ್‌ನಲ್ಲಿಡಿ. ಮತ್ತು ಋತು ಮುಗಿಯುತ್ತಿದ್ದಂತೆ ಕಾಡಿಗೆ ಹಿಂತಿರುಗಿ, ಕಟ್ಟಿದ ತಂತಿಯನ್ನೆಲ್ಲ ಬಿಚ್ಚಿ, ಮರಕ್ಕೆ ಹೊಡೆದ ಮೊಳೆಗಳನ್ನೂ ಕಿತ್ತು ತನ್ನಿ.